ಜೂನ್ ಮಳೆಯಲ್ಲಿ ಒಂದನೇ ಕ್ಲಾಸು: ಮೊದಲ ಎಂಟು ವಾರಗಳಲ್ಲಿ ಮಗುವಿಗೆ ಏನು ಬೇಕು?

ಏಪ್ರಿಲ್ ಬಂತೆಂದರೆ ಅಂಗನವಾಡಿಯನ್ನೋ ಯುಕೆಜಿಯನ್ನೋ ಮುಗಿಸಿದ ಮಗುವಿರುವ ಮನೆಗಳಲ್ಲಿ ಒಂದೇ ಲೆಕ್ಕ ನಡೆಯುತ್ತದೆ. ಜೂನ್ 1ಕ್ಕೆ ಆರು ತುಂಬುತ್ತದೋ ಇಲ್ಲವೋ? ಹತ್ತು ದಿನ ಕಡಿಮೆ ಬಿದ್ದರೆ ಏನು ಗತಿ? ಈ ಗೊಂದಲ ಸುಮ್ಮನೆ ಹುಟ್ಟಿದ್ದಲ್ಲ. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು ರಾಜ್ಯ ಸರ್ಕಾರ 2022ರ ಜುಲೈನಲ್ಲಿ ಆದೇಶಿಸಿತು. ಅಷ್ಟರಲ್ಲಾಗಲೇ ಎಲ್‌ಕೆಜಿ ಸೇರಿದ್ದ ಮಕ್ಕಳಿಗೆ ತೊಂದರೆಯಾಗುತ್ತದೆಂದು ಜಾರಿಯನ್ನು 2025–26ಕ್ಕೆ ಮುಂದೂಡಿತು. ಆ ವರ್ಷವೂ ಬಂದಾಗ, 2025ರ ಏಪ್ರಿಲ್‌ನಲ್ಲಿ, ಯುಕೆಜಿ ಮುಗಿಸಿದ ಮಗುವಿಗೆ 5 ವರ್ಷ 5 ತಿಂಗಳಾಗಿದ್ದರೂ ಸಾಕೆಂದು ಸಡಿಲಿಸಿತು. ಇದು ಆ ಒಂದು ವರ್ಷಕ್ಕೆ ಮಾತ್ರ ಎಂಬ ಮಾತನ್ನೂ ಸೇರಿಸಿತು.

ಆರು ವರ್ಷದ ನಿಯಮ ಒಳ್ಳೆಯದೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟರವರೆಗಿನ ಐದು ವರ್ಷಗಳನ್ನು ಒಂದೇ ಬುನಾದಿ ಹಂತವಾಗಿ ಕಾಣುತ್ತದೆ. ಒಂದನೇ ತರಗತಿ ಆ ಹಂತದ ನಡುವೆ ಬರುವ ಒಂದು ಮೆಟ್ಟಿಲು. ಆದರೆ ಜನನ ಪತ್ರದ ತಾರೀಖಿನ ಸುತ್ತಲೇ ಚರ್ಚೆ ಗಿರಕಿ ಹೊಡೆಯುತ್ತಿರುವಾಗ ಅದಕ್ಕಿಂತ ದೊಡ್ಡ ಸಂಗತಿ ಕಣ್ತಪ್ಪಿ ಹೋಗುತ್ತಿದೆ. ಉತ್ತರ ಕನ್ನಡದ ಮಗು ಒಂದನೇ ತರಗತಿಯಲ್ಲಿ ಎಡವುವುದು ಹೆಚ್ಚಾಗಿ ಜೂನ್–ಜುಲೈನ ಎಂಟು ವಾರಗಳಲ್ಲಿ, ಮತ್ತು ಎಡವಲು ಕಾರಣ ಶಾಲೆ ಅದನ್ನು ಬರಮಾಡಿಕೊಳ್ಳುವ ರೀತಿ. ನಮ್ಮಲ್ಲಿ ಆ ಎಂಟು ವಾರಗಳೇ ವರ್ಷದ ಅತಿ ಜೋರು ಮಳೆಯ ಕಾಲ. ಬೇರೆ ಜಿಲ್ಲೆಗೆ ಹೊಂದುವ ಸಲಹೆಗಳು ಇಲ್ಲಿ ಅರ್ಧಕ್ಕೇ ನಿಲ್ಲುವುದು ಅದಕ್ಕೇ.

ವಯಸ್ಸಿನ ಬಗ್ಗೆ ಮನಸ್ಸಿನಲ್ಲಿಡಬೇಕಾದ ಲೆಕ್ಕ ಇನ್ನೊಂದಿದೆ. ನಿಯಮ ಕಟ್ಟುನಿಟ್ಟಾಗಿ ಪಾಲನೆಯಾದರೂ ಒಂದೇ ತರಗತಿಯಲ್ಲಿ ಕೂತ ಇಬ್ಬರು ಮಕ್ಕಳ ನಡುವೆ ಸುಮಾರು ಹನ್ನೆರಡು ತಿಂಗಳ ಅಂತರವಿರುತ್ತದೆ. ಆರು ವರ್ಷದ ಜೀವಕ್ಕೆ ಒಂದು ವರ್ಷವೆಂದರೆ ಬಾಳಿದ ಬಾಳಿನ ಆರನೇ ಒಂದು ಪಾಲು. ಸಡಿಲಿಕೆಯ ವರ್ಷದಲ್ಲಿ ಸೇರಿದ ತಂಡದಲ್ಲಿ ಈ ಅಂತರ ಒಂದೂವರೆ ವರ್ಷದವರೆಗೂ ಹೋಗಬಹುದು. ಪಕ್ಕದ ಮನೆಯ ಮಗು ಪುಟ ತುಂಬ ಬರೆಯುತ್ತದೆ, ನಮ್ಮದು ಪೆನ್ಸಿಲ್ ಹಿಡಿಯುವುದಿಲ್ಲ ಎಂದು ಕೊರಗುವವರು ಮೊದಲು ಎರಡೂ ಮಕ್ಕಳ ಹುಟ್ಟಿದ ತಿಂಗಳು ಕೇಳಲಿ.

ಮನೆಯ ಮಾತು, ಶಾಲೆಯ ಮಾತು

ಜಿಲ್ಲೆಯ ಹೆಸರಲ್ಲೇ ಕನ್ನಡವಿದೆ. ಆದರೂ ಇಲ್ಲಿನ ಸಾವಿರಾರು ಮಕ್ಕಳಿಗೆ ಶಾಲೆಯ ಕನ್ನಡ ಎರಡನೇ ಭಾಷೆ. ಕಾರವಾರದ ಸುತ್ತಮುತ್ತ ಕೊಂಕಣಿ, ಭಟ್ಕಳದ ಎಷ್ಟೋ ಮನೆಗಳಲ್ಲಿ ನವಾಯತಿ, ಜೊಯಿಡಾದ ಕುಣಬಿಗಳಲ್ಲಿ ಕೊಂಕಣಿ, ಯಲ್ಲಾಪುರ–ಮುಂಡಗೋಡ–ಹಳಿಯಾಳದ ಗೌಳಿವಾಡಗಳಲ್ಲಿ ಮರಾಠಿ. ಸಿದ್ದಿ ಮನೆಗಳಲ್ಲಿ ಊರನ್ನು ನೋಡಿಕೊಂಡು ಕೊಂಕಣಿಯೋ ಕನ್ನಡವೋ ಉರ್ದುವೋ. ಕನ್ನಡದ ಮನೆಗಳಲ್ಲೂ ಶಿರಸಿ–ಸಿದ್ದಾಪುರದ ಹವ್ಯಕ ಮಾತು, ಅಂಕೋಲಾ–ಕುಮಟಾದ ಹಾಲಕ್ಕಿ ಒಕ್ಕಲಿಗರ ಮಾತು ಪುಸ್ತಕದ ಕನ್ನಡದಿಂದ ದೂರವೇ ಇವೆ.

ದೂರವೆಂದರೆ ಎಷ್ಟು ಎಂಬುದಕ್ಕೆ ಒಂದು ಉದಾಹರಣೆ ನೋಡಿ. ಶಿರಸಿ ಕಡೆಯ ಹವ್ಯಕ ಮಗು ‘ಆನು ಮನೆಗೆ ಹೋಗ್ತಿ’ ಎಂದರೆ ‘ನಾನು ಹೋಗುತ್ತೇನೆ’ ಎಂದರ್ಥ. ಬಯಲುಸೀಮೆಯಿಂದ ಹೊಸದಾಗಿ ಬಂದ ಶಿಕ್ಷಕರ ಕಿವಿಗೆ ಅದು ‘ನೀನು ಹೋಗ್ತಿ’ ಎಂಬಂತೆ ಕೇಳುತ್ತದೆ. ‘ಕೂಸು’ ಎಂದರೆ ಇಲ್ಲಿ ಹೆಣ್ಣುಮಗು, ಅಲ್ಲಿ ಹಾಲುಗೂಸು. ಮಗುವಿನ ಮಾತು ತಪ್ಪೆಂದು ಬಗೆದು ದಿನಕ್ಕೆ ಹತ್ತು ಸಲ ತಿದ್ದಿದರೆ ಹನ್ನೊಂದನೇ ಸಲ ಅದು ಬಾಯಿಯನ್ನೇ ತೆರೆಯುವುದಿಲ್ಲ. ಮುಂದೆ ‘ಈ ಹುಡುಗ ಮಾತೇ ಆಡೂದಿಲ್ಲ’ ಎಂಬ ಹಣೆಪಟ್ಟಿ ಅಂಟಿಕೊಳ್ಳುತ್ತದೆ.

ಕೊಂಕಣಿಯ ಮಗುವಿಗೆ ಈ ಕಷ್ಟ ಇನ್ನೂ ನೇರವಾದದ್ದು. ಬಾಯಾರಿದಾಗ ಅದಕ್ಕೆ ಗೊತ್ತಿರುವ ಪದ ‘ಉದಾಕ’. ಹಸಿವೆಂದರೆ ‘ಭೂಕ’, ಹೊಟ್ಟೆ ಎಂದರೆ ‘ಪೋಟ’, ಬೇಡವೆಂದರೆ ‘ನಾಕಾ’. ಈ ನಾಲ್ಕು ಪದಗಳು ಗೊತ್ತಿಲ್ಲದ ಶಿಕ್ಷಕಿಯ ಎದುರು ಮಗು ಬೆಳಗಿನಿಂದ ಸಂಜೆಯವರೆಗೆ ಬಾಯಾರಿಕೆ ತಡೆದುಕೊಂಡು ಕೂತಿರುತ್ತದೆ. ಆದ್ದರಿಂದ ಶಾಲೆ ತೆರೆಯುವ ಮುಂಚಿನ ವಾರದಲ್ಲೇ ಒಂದು ಕೆಲಸ ಆಗಬೇಕು. ನೀರು, ಊಟ, ಶೌಚ, ನೋವು, ಅಮ್ಮ, ಬೇಕು, ಬೇಡ, ಬಾ, ಕೂತುಕೋ, ಕೊಡು, ಚೀಲ, ಮಳೆ, ಹೆದರಿಕೆ ಹೀಗೆ ಇಪ್ಪತ್ತು ಪದಗಳನ್ನು ಆ ಶಾಲೆಗೆ ಬರುವ ಮಕ್ಕಳ ಮನೆಮಾತಿನಲ್ಲಿ ಬರೆದು ಗೋಡೆಗೆ ಹಚ್ಚಬೇಕು. ಹಚ್ಚುವುದು ಶಿಕ್ಷಕರಿಗಾಗಿ. ಪದಗಳನ್ನು ಹೇಳಿಕೊಡಲು ಅಡುಗೆ ಮಾಡುವ ಅಕ್ಕ, ಅಂಗನವಾಡಿ ಕಾರ್ಯಕರ್ತೆ, ನಾಲ್ಕನೇ ಕ್ಲಾಸಿನ ಮಕ್ಕಳು ಸಾಕು.

ಆಮೇಲೆ ಮಾತಿನ ಕ್ರಮ. ಶಿಕ್ಷಕಿ ಕನ್ನಡದಲ್ಲಿ ಕೈಸನ್ನೆ ಸೇರಿಸಿ ಹೇಳಲಿ. ಮಗು ತನ್ನ ಮಾತಲ್ಲೇ ಉತ್ತರಿಸಲಿ. ‘ಉದಾಕ ಜಾಯ್’ ಎಂದರೆ ‘ಹಾಗನ್ನಬಾರದು, ನೀರು ಅನ್ನು’ ಎನ್ನುವುದಕ್ಕಿಂತ ‘ಓ, ನೀರು ಬೇಕಾ? ಬಾ, ನೀರು ಕುಡಿ’ ಎನ್ನಬೇಕು. ಮಗು ನೀರೂ ಕುಡಿಯಿತು, ‘ನೀರು’ ಎಂಬ ಪದವನ್ನು ಎರಡು ಸಲ ಕೇಳಿಯೂ ಆಯಿತು. ಹೊಸ ಭಾಷೆಯ ನಡುವೆ ಬಂದ ಮಕ್ಕಳು ಕೆಲವು ವಾರ, ಒಮ್ಮೊಮ್ಮೆ ಎರಡು–ಮೂರು ತಿಂಗಳು ಮೌನವಾಗಿರುವುದು ಸಹಜ. ಅರ್ಥ ಮೊದಲು ಬರುತ್ತದೆ, ಮಾತು ಆಮೇಲೆ. ‘ಚೀಲ ಮೂಲೆಯಲ್ಲಿಡು, ಪಾಟಿ ತಗೊಂಡು ಬಾ’ ಎಂದಾಗ ಮಗು ಎದ್ದು ಹಾಗೇ ಮಾಡಿದರೆ ಕಲಿಕೆ ನಡೆಯುತ್ತಿದೆ ಎಂದರ್ಥ. ಮಾತಿಗಾಗಿ ಒತ್ತಾಯ ಬೇಡ. ಅದೇ ಭಾಷೆಯ ದೊಡ್ಡ ಮಗುವನ್ನು ದುಭಾಷಿಯಾಗಿ ಪಕ್ಕದಲ್ಲಿ ಕೂರಿಸುವುದು ಒಳ್ಳೆಯ ಉಪಾಯ. ಆದರೆ ಎರಡು ವಾರಕ್ಕೊಮ್ಮೆ ಬೇರೆಯವರನ್ನು ಕೂರಿಸಬೇಕು, ಇಲ್ಲದಿದ್ದರೆ ಚಿಕ್ಕದು ಆ ಒಬ್ಬ ಅಕ್ಕನ ಬಾಯಲ್ಲೇ ಮಾತಾಡುತ್ತ ಉಳಿದುಬಿಡುತ್ತದೆ.

ಭಾಷೆಯ ತೊಡಕು ಗಣಿತದಲ್ಲೂ ಇಣುಕುತ್ತದೆ, ಇದನ್ನು ಗಮನಿಸುವವರು ಕಡಿಮೆ. ಕನ್ನಡದ ‘ಇಪ್ಪತ್ತೊಂದು’ ಹತ್ತನ್ನು ಮೊದಲು, ಬಿಡಿಯನ್ನು ಆಮೇಲೆ ಹೇಳುತ್ತದೆ. ಬರೆಯುವುದೂ ಅದೇ ಕ್ರಮದಲ್ಲಿ, 2, ನಂತರ 1. ಕೊಂಕಣಿ, ಮರಾಠಿಗಳ ‘ಏಕವೀಸ’ದಲ್ಲಿ ಒಂದು ಮೊದಲು, ಇಪ್ಪತ್ತು ಆಮೇಲೆ. ಕಿವಿಗೆ ಬಿದ್ದ ಕ್ರಮದಲ್ಲೇ ಬರೆದ ಮಗುವಿನ ಪಾಟಿಯಲ್ಲಿ 12 ಮೂಡುತ್ತದೆ. ಇದನ್ನು ದಡ್ಡತನವೆಂದು ಹೊಡೆದು ಹಾಕಿದರೆ ಮಗುವಿಗೆ ತನ್ನ ತಪ್ಪೇನೆಂಬುದೇ ತಿಳಿಯುವುದಿಲ್ಲ. ಹತ್ತರ ಎರಡು ಕಡ್ಡಿಕಟ್ಟು ಎಡಕ್ಕೆ, ಬಿಡಿ ಕಡ್ಡಿ ಬಲಕ್ಕೆ ಇಟ್ಟು, ನೋಡಿದ್ದನ್ನು ಎಡದಿಂದ ಬರೆಯಲು ಹೇಳಿದರೆ ನಿಧಾನವಾಗಿ ಸರಿಹೋಗುತ್ತದೆ.

ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಗಳಿಗೆ ಮತ್ತು 2019–20ರಿಂದ ಕೆಲವು ಸರ್ಕಾರಿ ಶಾಲೆಗಳಲ್ಲಿ ಶುರುವಾದ ಇಂಗ್ಲಿಷ್ ಮಾಧ್ಯಮ ವಿಭಾಗಗಳಿಗೆ ಸೇರುವ ಮಕ್ಕಳಿಗೆ ಮೂರು ಭಾಷೆಗಳ ಹೊರೆ. ಅಂಥ ಮನೆಗಳಿಗೆ ‘ಮನೆಯಲ್ಲೂ ಇಂಗ್ಲಿಷೇ ಮಾತಾಡಿ’ ಎಂಬ ಸಲಹೆ ಆಗಾಗ ಸಿಗುತ್ತದೆ. ಈ ಸಲಹೆಯನ್ನು ಪಾಲಿಸಲೇಬಾರದು. ಅಮ್ಮನಿಗೆ ಬರುವ ಐವತ್ತು ಇಂಗ್ಲಿಷ್ ವಾಕ್ಯಗಳಿಗಾಗಿ ಅವಳ ಕೊಂಕಣಿಯ ಕತೆ, ಒಗಟು, ಜಗಳ, ಲೆಕ್ಕ ಎಲ್ಲವನ್ನೂ ಮಗು ಕಳೆದುಕೊಳ್ಳುತ್ತದೆ. ಶಾಲೆಯಲ್ಲಿ ಕತೆ ಕೇಳಿ ‘ಮುಂದೇನಾಗಬಹುದು’ ಎಂದು ಊಹಿಸುವ ಶಕ್ತಿ ಬರುವುದು ಮನೆಯಲ್ಲಿ ಯಾವುದೋ ಒಂದು ಭಾಷೆಯಲ್ಲಿ ಪೂರಾ ಮಾತಾಡಿದ ಮಗುವಿಗೆ. ಆ ಭಾಷೆ ಯಾವುದಾದರೂ ಆಗಬಹುದು.

‘ಅ ಆ ಇ ಈ’ ಬರುವುದಿಲ್ಲ ಎಂಬ ದೂರು

ಜುಲೈನಲ್ಲಿ ಕನ್ನಡ ಶಾಲೆಯ ಅಕ್ಕೋರ (ಶಿಕ್ಷಕಿಯ) ಎದುರು ಬರುವ ಮಾಮೂಲು ದೂರು ಇದು: ‘ಒಂದು ತಿಂಗಳಾಯ್ತು, ನಮ್ಮ ಮಗುವಿಗೆ ಅ ಆ ಇ ಈ ಬರೆಯಲು ಬರುವುದಿಲ್ಲ.’ ಶಾಲೆ ಅದನ್ನು ಆ ಕ್ರಮದಲ್ಲಿ ಕಲಿಸುವುದೇ ಇಲ್ಲ ಎಂದು ಮನೆಯವರಿಗೆ ಯಾರೂ ಹೇಳಿರುವುದಿಲ್ಲ.

ಸರ್ಕಾರಿ ಕನ್ನಡ ಶಾಲೆಗಳ 1ರಿಂದ 3ನೇ ತರಗತಿಗೆ ಇರುವುದು ನಲಿ–ಕಲಿ, ಮೂರೂ ತರಗತಿಯವರು ಒಟ್ಟಿಗೆ ಕೂತು ಚಟುವಟಿಕೆಗಳಿಂದ ಕಲಿಯುವ ಪದ್ಧತಿ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ, ಆಂಧ್ರದ ರಿಷಿವ್ಯಾಲಿ ಶಾಲೆಯ ಪ್ರಯೋಗ ನೋಡಿ ಬಂದ ಶಿಕ್ಷಕರಿಂದ ಶುರುವಾದದ್ದು. 2009ರ ಹೊತ್ತಿಗೆ ರಾಜ್ಯಕ್ಕೆಲ್ಲ ಬಂತು. ಇದರಲ್ಲಿ ಮೊದಲು ಕಲಿಯುವ ಅಕ್ಷರಗಳು ರ, ಗ, ಸ, ದ, ಅ. ಮುಂದಿನ ಗುಂಪು ಜ, ವ, ಮ, ಬ, ನ. ಈ ಕ್ರಮ ಸುಮ್ಮನೆ ಬಂದದ್ದಲ್ಲ. ಮೊದಲ ಐದೇ ಅಕ್ಷರಗಳಿಂದ ಸರ, ರಸ, ದರ, ಅರಸ, ಅಗಸ, ಗರಗಸ, ಸರಸರ ಎಂಬ ಪದಗಳಾಗುತ್ತವೆ. ಎರಡನೇ ಗುಂಪು ಸೇರಿತೋ, ಮರ, ಜನ, ವನ, ನಗ, ಬಸವ. ಮೂರನೇ ವಾರದಲ್ಲೇ ಮಗು ಓದಿದ ಪದಕ್ಕೆ ಅರ್ಥವಿರುತ್ತದೆ. ಬರೀ ಸ್ವರಗಳನ್ನು ಸಾಲಾಗಿ ಕಲಿತ ಮಗು ಹದಿಮೂರು ಅಕ್ಷರ ತಿದ್ದಿ ಮುಗಿಸಿದರೂ ಓದಲು ಪದವೇ ಸಿಗುವುದಿಲ್ಲ. ಜೊತೆಗೆ ಇ, ಈ, ಋ ಬಳುಕಿನ ಅಕ್ಷರಗಳು, ಆರು ವರ್ಷದ ಬೆರಳಿಗೆ ಕಷ್ಟ. ಙ, ಞಗಳಂತೂ ಮಗು ಓದುವ ಪದಗಳಲ್ಲಿ ಕಾಣುವುದೇ ಇಲ್ಲ.

ಮನೆಯಲ್ಲಿ ಅಜ್ಜ ಅ ಆ ಇ ಈ ತಿದ್ದಿಸುತ್ತಾನೆ, ಶಾಲೆಯಲ್ಲಿ ರ ಗ ಸ. ಎರಡು ದಾರಿಗಳ ನಡುವೆ ಮಗು ಸುಸ್ತಾಗುತ್ತದೆ. ಪ್ರವೇಶದ ದಿನವೇ ಶಾಲೆ ಈ ಅಕ್ಷರ ಗುಂಪುಗಳನ್ನು ಒಂದು ಚೀಟಿಯಲ್ಲಿ ಬರೆದು ಮನೆಗೆ ಕೊಟ್ಟರೆ ಸಾಕು, ಈ ಜಗಳ ಮುಗಿಯುತ್ತದೆ. ಅಜ್ಜನಿಗೂ ಕೆಲಸವಿದೆ: ‘ರ’ದಿಂದ ಶುರುವಾಗುವ ಪದ ಹೇಳು, ‘ಮರ’ದ ಕೊನೆಯಲ್ಲಿ ಏನು ಕೇಳಿಸಿತು ಹೇಳು ಎಂಬ ಕಿವಿಯ ಆಟ. ಅಕ್ಷರದ ಆಕಾರಕ್ಕಿಂತ ಮೊದಲು ಪದದೊಳಗಿನ ದನಿ ಬಿಡಿಬಿಡಿಯಾಗಿ ಕೇಳಿಸಬೇಕು. ಈ ಆಟಕ್ಕೆ ಪುಸ್ತಕ ಬೇಡ, ಕರೆಂಟೂ ಬೇಡ. ಮಳೆಗಾಲದ ಸಂಜೆಗೆ ಇದಕ್ಕಿಂತ ಒಳ್ಳೆಯ ಮನೆಗೆಲಸವಿಲ್ಲ.

ಅವಸರ ಏಕೆ ಬೇಡ ಎಂಬುದಕ್ಕೂ ಲೆಕ್ಕವಿದೆ. ಕನ್ನಡದ ವರ್ಣಮಾಲೆಯಲ್ಲಿ 49 ಅಕ್ಷರ. 34 ವ್ಯಂಜನಗಳ ಕಾಗುಣಿತ ಬರೆದರೆ ಸಾಲಿಗೆ 15ರಂತೆ 510 ರೂಪಗಳು, ಒತ್ತಕ್ಷರ ಬೇರೆ. ಇದನ್ನೆಲ್ಲ ಹಿಡಿತಕ್ಕೆ ತರಲು ಮಕ್ಕಳಿಗೆ ಮೂರು–ನಾಲ್ಕು ವರ್ಷ ಬೇಕು. 2021ರ ಜುಲೈನಲ್ಲಿ ಬಂದ, ಚಿಕ್ಕ ಮಕ್ಕಳ ಓದು–ಲೆಕ್ಕಕ್ಕೆಂದೇ ಇರುವ ಕೇಂದ್ರದ ನಿಪುಣ್ ಭಾರತ್ ಕಾರ್ಯಕ್ರಮವೂ ಒಂದನೇ ತರಗತಿಯ ಕೊನೆಗೆ ಬಯಸುವುದು ನಾಲ್ಕೈದು ಸರಳ ಪದಗಳ ವಾಕ್ಯವನ್ನು ಓದುವುದು, 99ರವರೆಗೆ ಸಂಖ್ಯೆ ಓದಿ ಬರೆಯುವುದು, ಸಣ್ಣ ಕೂಡು–ಕಳೆ ಇಷ್ಟನ್ನೇ. ಅದೂ ಮಾರ್ಚ್ ಹೊತ್ತಿಗೆ. ಜುಲೈನಲ್ಲೇ ಪುಟ ತುಂಬಿಸುವ ಅಗತ್ಯವನ್ನು ಯಾವ ಪಠ್ಯಕ್ರಮವೂ ಹೇಳಿಲ್ಲ. ಒಂದನೇ ತರಗತಿಯ ಆರಂಭಕ್ಕೆಂದೇ ಎನ್‌ಸಿಇಆರ್‌ಟಿ ರೂಪಿಸಿದ ‘ವಿದ್ಯಾ ಪ್ರವೇಶ’ 12 ವಾರಗಳ ಆಟದ ಕಲಿಕೆ. ಅದನ್ನು ‘ಪಾಠ ಶುರುವಾಗುವ ಮುಂಚಿನ ಕಾಲಹರಣ’ ಎಂದು ನೋಡುವ ಶಾಲೆಗಳಲ್ಲೇ ಮುಂದೆ ಎರಡನೇ ತರಗತಿಯಲ್ಲಿ ಓದಲಾಗದ ಮಕ್ಕಳು ಉಳಿಯುತ್ತಾರೆ.

ಬರವಣಿಗೆಗೆ ಬೆರಳು ತಯಾರಾಗಬೇಕು. ಕ್ರಮ ಹೀಗಿರಲಿ: ಮೊದಲ ಎರಡು ವಾರ ಗಾಳಿಯಲ್ಲಿ ಮತ್ತು ತಟ್ಟೆಯಲ್ಲಿ ಹರಡಿದ ಹೊಯ್ಗೆಯಲ್ಲಿ ಬೆರಳಿನಿಂದ ದೊಡ್ಡ ಗೆರೆ, ಸುತ್ತು, ಅಲೆ. ಆಮೇಲೆ ನೆಲದ ಮೇಲೆ ಸೀಮೆಸುಣ್ಣ. ನಾಲ್ಕನೇ ವಾರದಿಂದ ಪಾಟಿ. ಕಾಗದ, ಪೆನ್ಸಿಲ್ ಆಗಸ್ಟ್‌ನಲ್ಲಿ ಬಂದರೂ ತಡವಲ್ಲ. ಬಳಪ ಎರಡು ಇಂಚಿನ ತುಂಡಾಗಿದ್ದರೆ ಒಳ್ಳೆಯದು. ಉದ್ದನೆಯದನ್ನು ಮಗು ಮುಷ್ಟಿಯಲ್ಲಿ ಹಿಡಿಯುತ್ತದೆ, ತುಂಡನ್ನು ಮೂರು ಬೆರಳಲ್ಲೇ ಹಿಡಿಯಬೇಕಾಗುತ್ತದೆ. ಒಂದು ಸಲಕ್ಕೆ ಹತ್ತು ನಿಮಿಷ ಸಾಕು. ಮನೆಯಲ್ಲಿ ಅಬ್ಬಲಿಗೆ ಹೂವನ್ನು ಬಾಳೆನಾರಿಗೆ ಪೋಣಿಸುವುದು, ಬೆಳ್ಳುಳ್ಳಿ ಬಿಡಿಸುವುದು, ದಂಡೆಯಲ್ಲಿ ಆರಿಸಿದ ಚಿಪ್ಪುಗಳನ್ನು ಗಾತ್ರಕ್ಕೆ ತಕ್ಕಂತೆ ಬೇರೆ ಮಾಡುವುದು ಎಲ್ಲವೂ ಬರವಣಿಗೆಯ ತಯಾರಿಯೇ. ಚೆನ್ನೆಮಣೆ ಇದ್ದರೆ ಇನ್ನೂ ಒಳ್ಳೆಯದು. ಒಂದು ಗುಳಿಗೆ ಒಂದೇ ಬೀಜ ಹಾಕುತ್ತ ಹೋಗುವಾಗ ಮಗು ‘ಒಂದು’ ಎಂಬ ಮಾತಿಗೆ ಒಂದೇ ವಸ್ತು ಎಂಬ ಎಣಿಕೆಯ ಮೂಲಸೂತ್ರವನ್ನು ಕೈಯಿಂದಲೇ ಕಲಿಯುತ್ತದೆ. ಎಡಗೈ ಮಗುವನ್ನು ಬಲಗೈಗೆ ತಿರುಗಿಸುವುದು ಈ ಕಾಲದಲ್ಲೂ ನಿಂತಿಲ್ಲ. ಅದು ನಿಲ್ಲಬೇಕು. ಅಂಥ ಮಗುವನ್ನು ಬೆಂಚಿನ ಎಡ ತುದಿಯಲ್ಲಿ ಕೂರಿಸಿದರೆ ಪಕ್ಕದವರ ಮೊಣಕೈ ತಾಗುವುದಿಲ್ಲ, ಅಷ್ಟೇ ಬೇಕಾದದ್ದು.

ಒಂದು ಮತ್ತು ಎರಡನೇ ತರಗತಿಗೆ ಮನೆಗೆಲಸ ಕೊಡಬಾರದು, ಚೀಲ ಒಂದೂವರೆ ಕಿಲೋ ಮೀರಬಾರದು ಎಂದು ಕೇಂದ್ರ 2018ರಲ್ಲೇ ಸೂಚಿಸಿದೆ. ರಾಜ್ಯದ 2019ರ ಆದೇಶದಲ್ಲಿ ಈ ತರಗತಿಗಳ ಚೀಲಕ್ಕೆ ಒಂದೂವರೆಯಿಂದ ಎರಡು ಕಿಲೋ ಮಿತಿ. ನೆನೆದ ಚೀಲದ ತೂಕವನ್ನು ಯಾವ ಆದೇಶವೂ ಲೆಕ್ಕಕ್ಕೆ ಹಿಡಿದಿಲ್ಲ, ಇಲ್ಲಿನ ಮನೆಗಳು ಹಿಡಿಯಬೇಕು.

ಅಳು, ಮಳೆ ರಜೆ, ದೋಣಿ

ಬಿಟ್ಟು ಬರುವಾಗ ಅಳುವುದು ಸಹಜ. ಮಗು ಆಟದಲ್ಲಿ ಮುಳುಗಿದಾಗ ಹೇಳದೆ ಜಾರಿಕೊಳ್ಳುವುದು ಬಹಳ ಮನೆಯವರು ಮಾಡುವ ತಪ್ಪು. ಆ ದಿನ ಅಳು ತಪ್ಪುತ್ತದೆ, ಮರುದಿನದಿಂದ ಮಗು ಸೆರಗನ್ನೇ ಬಿಡುವುದಿಲ್ಲ, ಏಕೆಂದರೆ ಕಣ್ಣು ತಪ್ಪಿದರೆ ಅಮ್ಮ ಮಾಯವಾಗುತ್ತಾಳೆ ಎಂದು ಅದಕ್ಕೆ ಖಾತ್ರಿಯಾಗಿರುತ್ತದೆ. ಬಾಗಿಲಲ್ಲಿ ಒಂದು ನಿಮಿಷ ನಿಂತು, ಪ್ರತಿದಿನ ಅದೇ ಮಾತು ಹೇಳಿ, ತಿರುಗಿ ನೋಡದೆ ಹೊರಡಬೇಕು. ‘ನಾಲ್ಕು ಗಂಟೆಗೆ ಬರ್ತೆ’ ಎಂಬುದು ಗಡಿಯಾರ ಗೊತ್ತಿಲ್ಲದ ಮಗುವಿಗೆ ಅರ್ಥವಾಗುವುದಿಲ್ಲ. ‘ಬಿಸಿಯೂಟ ಆಗಿ, ಆಮೇಲೆ ಆಟ ಆಗಿ, ಗಂಟೆ ಹೊಡೆದಾಗ ಸಂಕದ ಹತ್ತಿರ ಇರ್ತೆ’ ಎಂದರೆ ಆಗುತ್ತದೆ (ಸಂಕವೆಂದರೆ ಹೊಳೆ ದಾಟುವ ಕಾಲುಸೇತುವೆ). ಹೇಳಿದ ಜಾಗದಲ್ಲಿ ಹೇಳಿದ ಹೊತ್ತಿಗೆ ಇರಲೇಬೇಕು. ಮೀನು ಮಾರಲು ನಸುಕಿನಲ್ಲೇ ಹೊರಡುವ ಅಮ್ಮಂದಿರ ಮನೆಯಲ್ಲಿ ಬಿಡುವವರು ಅಜ್ಜಿಯೋ ಚಿಕ್ಕಮ್ಮನೋ ಆಗಿರಬಹುದು. ಮೊದಲ ಮೂರು ವಾರ ಒಬ್ಬರೇ ಬಿಡಲಿ.

ಸಾಮಾನ್ಯವಾಗಿ ಈ ಅಳು ಬಿಟ್ಟುಹೋದ ಹತ್ತು–ಹದಿನೈದು ನಿಮಿಷಕ್ಕೆ ಇಳಿಯುತ್ತದೆ, ಎರಡು–ಮೂರು ವಾರಕ್ಕೆ ನಿಲ್ಲುತ್ತದೆ. ನಮ್ಮ ಜಿಲ್ಲೆಯಲ್ಲಿ ಹಾಗಾಗುವುದಿಲ್ಲ, ಏಕೆಂದರೆ ನಡುವೆ ಮಳೆ ರಜೆ ಬರುತ್ತದೆ. ಶಾಲೆಗೆ ಒಗ್ಗುತ್ತಿರುವ ಮಗುವಿಗೆ ಮೂರು ದಿನದ ರಜೆ ಎಂದರೆ ಮತ್ತೆ ಮೊದಲ ದಿನ. ಇದನ್ನು ಹಿಂದಕ್ಕೆ ಜಾರುವುದೆಂದು ಗಾಬರಿಗೊಳ್ಳಬೇಕಿಲ್ಲ, ಆದರೆ ತಡೆಯಲು ದಾರಿಯಿದೆ. ರಜೆಯ ದಿನವೂ ಮಗು ಅದೇ ಹೊತ್ತಿಗೆ ಏಳಲಿ. ಹತ್ತು ಗಂಟೆಗೆ ಚೀಲ ಬಿಚ್ಚಿ ಅರ್ಧ ಗಂಟೆ ಶಾಲೆಯ ಹಾಡು, ಪಾಟಿ. ಶಿಕ್ಷಕರು ರಜೆಯ ಮರುದಿನಕ್ಕೆ ಹೊಸದೇನನ್ನೂ ಇಟ್ಟುಕೊಳ್ಳದೆ ಹಳೆಯ ಹಾಡು, ಹಳೆಯ ಕತೆಗಳಿಂದ ಶುರು ಮಾಡಲಿ.

ಕರಾವಳಿಯ ಮೀನುಗಾರರ ಮನೆಗಳಲ್ಲಿ ಇನ್ನೊಂದು ತಿರುವಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಶಾಲೆ ಶುರುವಾಗುವ ಹೊತ್ತಿಗೆ ಅಪ್ಪ ಮನೆಯಲ್ಲಿರುತ್ತಾನೆ, ಮಗುವನ್ನು ಕೈಹಿಡಿದು ಬಿಡುತ್ತಾನೆ. ಆಗಸ್ಟ್‌ನಲ್ಲಿ ದೋಣಿ ಇಳಿಯುತ್ತದೆ, ಅಪ್ಪ ದಿನಗಟ್ಟಲೆ ಸಮುದ್ರದಲ್ಲಿ. ಎರಡು ತಿಂಗಳು ನಗುತ್ತ ಬಂದ ಮಗು ಆಗಸ್ಟ್ ಮೊದಲ ವಾರ ಅಳತೊಡಗಿದರೆ ಕಾರಣ ಹುಡುಕಬೇಕಾದ್ದು ತರಗತಿಯ ಹೊರಗೆ. ಜುಲೈ ಕೊನೆಯ ವಾರದಲ್ಲೇ ಬಿಡುವ ಹೊಣೆಯನ್ನು ಮನೆಯ ಬೇರೊಬ್ಬರಿಗೆ ದಾಟಿಸಿ, ಅಪ್ಪ ಜೊತೆಗೆ ನಡೆದು ಬರುವಂತೆ ಮಾಡಿದರೆ ಈ ಪೆಟ್ಟು ಹಗುರಾಗುತ್ತದೆ. ಘಟ್ಟದ ಮೇಲೂ ಇದರ ನೆರಳಿದೆ. ಮಳೆ ಎರಡು ದಿನ ಹೊಳವಾದರೆ ಇಡೀ ಮನೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಸುವುದರಲ್ಲಿ ಮುಳುಗುತ್ತದೆ, ಜುಲೈನಲ್ಲಿ ಭತ್ತದ ನೆಟ್ಟಿ. ಶಾಲೆಗೆ ಬಿಡುವವರು ಆ ದಿನ ಬದಲಾಗುತ್ತಾರೆ ಎಂಬುದನ್ನು ಮಗುವಿಗೆ ಹಿಂದಿನ ರಾತ್ರಿಯೇ ಹೇಳಿರಬೇಕು.

ಚಿಕ್ಕ ಶಾಲೆಗಳದ್ದು ಬೇರೆ ಕತೆ. ಶಿರಸಿ ಶೈಕ್ಷಣಿಕ ಜಿಲ್ಲೆಯ ಕಾಡಂಚಿನ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಒಂದನೇ ತರಗತಿಗೆ ಒಂದೋ ಎರಡೋ ಮಗು. ನಲಿ–ಕಲಿಯ ಕೋಣೆಯಲ್ಲಿ ಮೂರೂ ತರಗತಿಯವರು ಒಟ್ಟಿಗೆ ಕೂರುವುದು ಇಲ್ಲಿ ವರವೇ. ಆದರೆ ಹೊಸ ಮಗು ಮೊದಲ ಕೆಲವು ವಾರ ‘ಸಂಪೂರ್ಣ ಶಿಕ್ಷಕರ ನೆರವಿನ ತಟ್ಟೆ’ಯಲ್ಲೇ, ಎಂದರೆ ಶಿಕ್ಷಕರು ಪೂರ್ತಿ ಜೊತೆಗಿದ್ದು ಕಲಿಸುವ ಗುಂಪಿನಲ್ಲೇ, ಇರಬೇಕು. ಇಬ್ಬರು ಶಿಕ್ಷಕರಲ್ಲಿ ಒಬ್ಬರು ಸಭೆಗೋ ತರಬೇತಿಗೋ ಹೋದ ದಿನ ಐದು ತರಗತಿಗಳು ಒಬ್ಬರ ಪಾಲಾಗಿ, ಹೊಸ ಮಗು ಮೂಲೆ ಸೇರುತ್ತದೆ. ಕನಿಷ್ಠ ಜೂನ್–ಜುಲೈನಲ್ಲಾದರೂ ಒಂದನೇ ತರಗತಿಯ ಶಿಕ್ಷಕರನ್ನು ಹೊರಗಿನ ಕೆಲಸಕ್ಕೆ ಎಳೆಯಬಾರದು. ಇಲಾಖೆಗೆ ಇದರಿಂದ ಒಂದು ರೂಪಾಯಿಯೂ ಖರ್ಚಿಲ್ಲ.

ಒದ್ದೆ ಚಡ್ಡಿ, ಹಂಚಿನ ಮಾಡು, ಹೊಳೆ

ಮೊದಲ ವಾರದ ಅರ್ಧ ತೊಂದರೆಗಳ ಮೂಲ ಶೌಚಾಲಯ. ಮನೆಯಲ್ಲಿ ಕಮೋಡ್ ಬಳಸುವ ಮಗುವಿಗೆ ಕುಕ್ಕರುಗಾಲಲ್ಲಿ ಕೂರಲು ಬಾರದು, ಬಯಲಿಗೆ ಹೋಗಿ ರೂಢಿಯಿರುವ ಮಗುವಿಗೆ ಕತ್ತಲೆ ಕೋಣೆಯೇ ಹೆದರಿಕೆ. ಪರಿಣಾಮವಾಗಿ ಮಗು ದಿನವಿಡೀ ತಡೆದುಕೊಳ್ಳುತ್ತದೆ, ತಡೆದುಕೊಳ್ಳಲೆಂದೇ ನೀರು ಕುಡಿಯುವುದಿಲ್ಲ. ವಾರದೊಳಗೆ ಉರಿಮೂತ್ರ, ಜ್ವರ. ಮೊದಲ ದಿನವೇ ಪ್ರತಿ ಮಗುವನ್ನು ಅಲ್ಲಿಗೆ ಕರೆದೊಯ್ದು ಚಿಲಕ, ಬಕೆಟ್, ಚೊಂಬು ತೋರಿಸಬೇಕು. ಮೊದಲ ತಿಂಗಳು ಬೆಳಿಗ್ಗೆ ಹನ್ನೊಂದೂವರೆಗೆ, ಊಟಕ್ಕೆ ಮುಂಚೆ, ಮಧ್ಯಾಹ್ನ ಮೂರಕ್ಕೆ ಕೇಳದೆಯೇ ಎಲ್ಲರನ್ನೂ ಕಳಿಸಬೇಕು. ಮನೆಯವರು ಗುಂಡಿ, ಜಿಪ್ಪು, ಬೆಲ್ಟುಗಳನ್ನು ಬಿಟ್ಟು ಇಲಾಸ್ಟಿಕ್ ಚಡ್ಡಿ ಹಾಕಲಿ. ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಒಂದು ಜೊತೆ ಒಣ ಬಟ್ಟೆ ಹೆಸರು ಬರೆದು ಶಾಲೆಯಲ್ಲೇ ಇರಲಿ, ಮಳೆಗೂ ಆಗುತ್ತದೆ, ಉಚ್ಚೆಗೂ ಆಗುತ್ತದೆ. ಒದ್ದೆಯಾದಾಗ ಎಲ್ಲರೆದುರು ಹೇಳದೆ ಬದಲಿಸಿದರೆ ಮಗು ಆ ಶಿಕ್ಷಕಿಯನ್ನು ಜೀವಮಾನ ನೆನೆಯುತ್ತದೆ.

ಕರಾವಳಿಯ ಗಾಳಿಗೆ ಕೊಡೆ ಆರು ವರ್ಷದ ಕೈಯಲ್ಲಿ ನಿಲ್ಲುವುದಿಲ್ಲ. ಬೆನ್ನಿನ ಚೀಲವೂ ಒಳಗೆ ಸೇರುವಷ್ಟು ದೊಡ್ಡ ರೇನ್‌ಕೋಟು, ಮೊಣಕಾಲಿನ ಕೆಳಗೆ ಇಳಿಯದಂಥದ್ದು, ಹೊಳೆಯುವ ಬಣ್ಣದ್ದು ಬೇಕು. ಬೂಟು–ಕಾಲುಚೀಲ ಆಗಸ್ಟ್‌ವರೆಗೆ ಕಾಯಲಿ. ದಿನವಿಡೀ ಒದ್ದೆ ಕಾಲುಚೀಲದಲ್ಲಿದ್ದ ಬೆರಳ ಸಂದಿಗೆ ಹುಣ್ಣಾಗುತ್ತದೆ, ರಬ್ಬರ್ ಚಪ್ಪಲಿಯೇ ವಾಸಿ. ಬಚ್ಚಲೊಲೆಯ ಮೇಲೆ ಒಣಗಿಸಿದ ಸಮವಸ್ತ್ರ ಹೊಗೆ ವಾಸನೆ ಬಂದರೂ ಬರಲಿ, ಅದಕ್ಕೆ ಶಾಲೆಯಲ್ಲಿ ಮೂಗು ಮುರಿಯಬಾರದು. ಸಿದ್ದಾಪುರ, ಯಲ್ಲಾಪುರ ಕಡೆ ಉಂಬಳ (ಜಿಗಣೆ) ಹತ್ತಿದರೆ ಕಿತ್ತೆಳೆಯದೆ ದೊಡ್ಡವರಿಗೆ ತೋರಿಸಲು ಕಲಿಸಿರಬೇಕು.

ಕಾಲುಸಂಕದ ವಿಷಯದಲ್ಲಿ ರಾಜಿ ಸಲ್ಲದು. ಒಂದನೇ ತರಗತಿಯ ಮಗು ದೊಡ್ಡವರಿಲ್ಲದೆ ಸಂಕ ದಾಟಬಾರದು. ಐದನೇ ತರಗತಿಯ ಅಣ್ಣ ದೊಡ್ಡವನಲ್ಲ. ಸಂಕದ ಕಂಬಕ್ಕೆ ಬಣ್ಣದ ಗುರುತು ಹಾಕಿ, ನೀರು ಅದನ್ನು ಮುಟ್ಟಿದ ದಿನ ಆ ದಂಡೆಯ ಮಕ್ಕಳಿಗೆ ರಜೆ ಎಂದು ಜೂನ್‌ನ ಮೊದಲ ಪಾಲಕರ ಸಭೆಯಲ್ಲೇ ತೀರ್ಮಾನಿಸಬೇಕು. ಹೋಗುವಾಗ ಇಳಿದಿದ್ದ ಹೊಳೆ ಸಂಜೆ ಏರಿದರೆ ಮಗು ಯಾರ ಮನೆಯಲ್ಲಿ ಉಳಿಯಬೇಕು ಎಂಬುದೂ ಮೊದಲೇ ಗೊತ್ತಾಗಿರಲಿ.

ತರಗತಿಯೊಳಗೂ ಮಳೆಯ ಕಾಟವಿದೆ. ಹಂಚಿನ ಮಾಡಿನ ಮೇಲೆ, ಅದಕ್ಕಿಂತ ಹೆಚ್ಚಾಗಿ ತಗಡಿನ ಮೇಲೆ, ಜೋರು ಮಳೆ ಬೀಳುವಾಗ ಶಿಕ್ಷಕಿಯ ಮಾತು ಮೂರನೇ ಸಾಲಿಗೆ ಕೇಳಿಸುವುದಿಲ್ಲ. ಕತೆ, ಹೊಸ ಪದ, ದನಿಯ ಆಟಗಳನ್ನು ಮಳೆ ಇಳಿದ ಹೊತ್ತಿಗೆ ಇಟ್ಟುಕೊಂಡು, ಸುರಿಯುವಾಗ ಚಿತ್ರ, ಮಣ್ಣು, ಬೀಜ ಜೋಡಿಸುವ ಕೆಲಸ ಕೊಡುವುದು ಜಾಣತನ. ಮಳೆಗಾಲದ ನೆಗಡಿ ಕಿವಿಗಿಳಿದು ಕೆಲವು ಮಕ್ಕಳಿಗೆ ವಾರಗಟ್ಟಲೆ ಕೇಳಿಸುವುದು ಕಡಿಮೆಯಾಗುತ್ತದೆ. ‘ಗಮನವಿಲ್ಲ’ ಎಂದು ಬೈಸಿಕೊಳ್ಳುವ ಮಗುವಿನ ಬೆನ್ನ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆದು ನೋಡಿ. ತಿರುಗದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಹಾಗೆ ಹೋದಾಗಲೇ 5–6 ವರ್ಷಕ್ಕೆ ಹಾಕಿಸಬೇಕಾದ ಡಿಪಿಟಿ ಎರಡನೇ ಬೂಸ್ಟರ್ ಆಗಿದೆಯೇ ಎಂದೂ ನೋಡಿಕೊಳ್ಳಿ.

ನಿದ್ದೆ ಹತ್ತು ಗಂಟೆ ಬೇಕು. ಆರೂವರೆಗೆ ಏಳುವ ಮಗು ಎಂಟೂವರೆಗೆ ಮಲಗಿರಬೇಕು. ಅಂಗನವಾಡಿಯಲ್ಲಿ ಮಧ್ಯಾಹ್ನ ಮಲಗಿ ರೂಢಿಯಾದ ಮಗು ಜೂನ್‌ನಲ್ಲಿ ಊಟವಾದ ಮೇಲೆ ತೂಕಡಿಸಿದರೆ ಇಪ್ಪತ್ತು ನಿಮಿಷ ಮಲಗಲು ಬಿಡುವುದರಿಂದ ಯಾವ ಪಾಠವೂ ಹಾಳಾಗುವುದಿಲ್ಲ.

ಕಾಗದಪತ್ರ, ಆಮೇಲೆ ದಸರೆ

ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ, ಪ್ರವೇಶಕ್ಕೆ ಮಗುವಿಗೂ ಪಾಲಕರಿಗೂ ಪರೀಕ್ಷೆ ಇಡುವಂತಿಲ್ಲ. ಎರಡನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಎಚ್ಚರ ಬೇಕಾದ್ದು ಹೆಸರಿನ ವಿಷಯದಲ್ಲಿ. ದಾಖಲಾತಿ ವಹಿಯಲ್ಲಿ ಬರೆದ ಹೆಸರು, ಇನಿಶಿಯಲ್, ಹುಟ್ಟಿದ ದಿನವೇ ಹತ್ತು ವರ್ಷದ ಮೇಲೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರುತ್ತದೆ. ಜನನ ಪತ್ರ, ಆಧಾರ್, ವಹಿ ಮೂರರಲ್ಲೂ ಕಾಗುಣಿತ ಒಂದೇ ಇದೆಯೇ ಎಂದು ಸಹಿ ಹಾಕುವ ಮುಂಚೆ ಓದಿ. ಐದು ತುಂಬಿದ ಮಗುವಿನ ಬೆರಳಚ್ಚು, ಕಣ್ಣಿನ ಗುರುತನ್ನು ಆಧಾರ್‌ಗೆ ಸೇರಿಸುವುದು ಕಡ್ಡಾಯ. ಏಳರೊಳಗೆ ಅದಕ್ಕೆ ಶುಲ್ಕವಿಲ್ಲ. ಮೇ ತಿಂಗಳಲ್ಲೇ ಮುಗಿಸಿಕೊಂಡರೆ ಮಳೆಯಲ್ಲಿ ಸರದಿ ನಿಲ್ಲುವುದು ತಪ್ಪುತ್ತದೆ.

ಮಗು ಒಗ್ಗಿದೆಯೇ ಎಂದು ಅಳೆಯಲು ದಸರಾ ರಜೆ ಸರಿಯಾದ ಗೆರೆ. ಅಷ್ಟರೊಳಗೆ ಅದು ತನ್ನ ಅಗತ್ಯವನ್ನು ಯಾವುದಾದರೂ ಭಾಷೆಯಲ್ಲಿ ಶಿಕ್ಷಕರಿಗೆ ಹೇಳುತ್ತಿರಬೇಕು, ಒಂದು ಕೆಲಸದಲ್ಲಿ ಹತ್ತು–ಹದಿನೈದು ನಿಮಿಷ ಕೂರುತ್ತಿರಬೇಕು, ಆಟದಲ್ಲಿ ಸರದಿ ಕಾಯುತ್ತಿರಬೇಕು, ಕೇಳಿದ ಕತೆಯ ಒಂದು ತುಣುಕನ್ನು ಮನೆಗೆ ತಂದು ಹೇಳುತ್ತಿರಬೇಕು, ತನ್ನ ಹೆಸರನ್ನು ಗುರುತಿಸಬೇಕು, ಹತ್ತು ವಸ್ತು ಎಣಿಸಬೇಕು, ಮೊದಲ ಎರಡು ಗುಂಪಿನ ಅಕ್ಷರಗಳಲ್ಲಿ ಹೆಚ್ಚಿನವು ಗೊತ್ತಿರಬೇಕು. ಇವುಗಳಲ್ಲಿ ಅಕ್ಷರದ್ದೊಂದೇ ಹಿಂದಿದ್ದರೆ ಚಿಂತೆ ಬೇಡ, ನವೆಂಬರ್–ಡಿಸೆಂಬರ್‌ನ ಒಣ ದಿನಗಳಲ್ಲಿ ಅದು ಬೇಗ ಬರುತ್ತದೆ. ಮನೆಮಾತಿನಲ್ಲೂ ಮಾತು ಕಡಿಮೆಯಾಗಿದ್ದರೆ, ಶಾಲೆಯ ದಿನ ಮಾತ್ರ ಬೆಳಿಗ್ಗೆ ಹೊಟ್ಟೆನೋವು, ವಾಂತಿ ಬರುತ್ತಿದ್ದರೆ, ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗಿದ್ದರೆ ಟ್ಯೂಷನ್ ಹುಡುಕಬೇಡಿ. ಬಿಸಿಯೂಟದ ಹೊತ್ತಿಗೆ ಶಾಲೆಗೆ ಹೋಗಿ, ಮಗು ಯಾರ ಪಕ್ಕ ಕೂತು ಉಣ್ಣುತ್ತದೆ, ಅಥವಾ ಒಂಟಿಯಾಗಿ ಕೂರುತ್ತದೆಯೇ ಎಂದು ದೂರದಿಂದ ನೋಡಿ. ಆಮೇಲೆ ಅಕ್ಕೋರ ಜೊತೆ ಕೂತು ಮಾತಾಡಿ.